ಪಾದೂರಿನ ಗುಹೆಯಲ್ಲಿ ಎಣ್ಣೆ ಇದೆ, ಬೈತಖೋಲದ ಬೋಟಿಗೆ ಅದರಿಂದ ಏನು ಸಿಗುತ್ತದೆ?

2025ರ ಜೂನ್ 22ರಂದು ಇರಾನಿನ ಅಣು ಕೇಂದ್ರಗಳ ಮೇಲೆ ಅಮೆರಿಕ ಬಾಂಬ್ ಹಾಕಿತು. ಹಾರ್ಮುಜ್ ಜಲಸಂಧಿಯನ್ನು ಮುಚ್ಚಲು ಇರಾನಿನ ಸಂಸತ್ತು ಒಪ್ಪಿದೆ ಅನ್ನುವ ಸುದ್ದಿಯೂ ಅದರ ಬೆನ್ನಿಗೇ ಬಂತು. ಪ್ರಪಂಚ ಬಳಸುವ ಎಣ್ಣೆಯಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಪಾಲು ಆಗ ಆ ಕಿರಿದಾದ ದಾರಿಯಲ್ಲೇ ಬರುತ್ತಿತ್ತು. ಕಾರವಾರದ ಬೈತಖೋಲ ಬಂದರಿನಲ್ಲಿ ಆಗ ಬೋಟುಗಳೆಲ್ಲ ಹಗ್ಗ ಬಿಗಿದು ನಿಂತಿದ್ದವು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್ 1ಕ್ಕೆ ಮತ್ತೆ ಕಡಲಿಗೆ ಇಳಿಯಬೇಕು, ಇಳಿಯುವುದಕ್ಕೆ ಡೀಸೆಲ್ ಬೇಕು.

ಆ ವಾರದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ತಲೆ ಕೆಟ್ಟಿದ್ದರೆ ಅದು ಅವರ ತಪ್ಪಲ್ಲ. ದೇಶದಲ್ಲಿ ಒಂಬತ್ತೂವರೆ ದಿನಕ್ಕೆ ಆಗುವಷ್ಟು ಎಣ್ಣೆ ಇದೆ ಎಂದು ಒಂದು ಕಡೆ. 74 ದಿನಕ್ಕೆ ಇದೆ ಎಂದು ಇನ್ನೊಂದು ಕಡೆ. ಅಂಡಮಾನ್ ಕಡಲಲ್ಲಿ ಗಯಾನಾ ದೇಶದಲ್ಲಿ ಸಿಕ್ಕಷ್ಟೇ ದೊಡ್ಡ ನಿಕ್ಷೇಪ ಸಿಗಬಹುದು ಎಂದು ಪೆಟ್ರೋಲಿಯಂ ಸಚಿವ ಹರ್‌ದೀಪ್ ಸಿಂಗ್ ಪುರಿ ಹೇಳಿದ್ದೂ ಅದೇ ತಿಂಗಳು. ಆ ಯುದ್ಧ ಹನ್ನೆರಡು ದಿನಕ್ಕೆ ನಿಂತಿತು. ಈ ಗೊಂದಲ ಮಾತ್ರ ಉಳಿದುಕೊಂಡಿದೆ. ಕೊಲ್ಲಿಯಲ್ಲಿ ಗದ್ದಲ ಆದಾಗಲೆಲ್ಲ ಪ್ರಶ್ನೆ ಮತ್ತೆ ಏಳುತ್ತದೆ: ನಮ್ಮ ಹತ್ತಿರ ಎಣ್ಣೆ ಇದೆಯೋ ಇಲ್ಲವೋ? ಇದ್ದರೆ ಬಂಕಿನಲ್ಲಿ ಬೆಲೆ ಯಾಕೆ ಇಳಿಯುವುದಿಲ್ಲ?

ಒಂದೇ ಹೆಸರು, ಮೂರು ಲೆಕ್ಕ

ಪತ್ರಿಕೆಗಳಲ್ಲಿ ‘ತೈಲ ನಿಕ್ಷೇಪ’, ‘ತೈಲ ಸಂಗ್ರಹ’, ‘ಮೀಸಲು ತೈಲ’ ಎಂಬ ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಇವು ಮೂರು ಬೇರೆ ಬೇರೆ ವಿಷಯ.

ಮೊದಲನೆಯದು ಭೂಮಿಯೊಳಗೆ ಇನ್ನೂ ಇರುವ, ತೆಗೆಯಬಹುದಾದ ಎಣ್ಣೆ. ಭಾರತದಲ್ಲಿ ಇದು ಸುಮಾರು 65 ಕೋಟಿ ಟನ್. ಕೇಳಲಿಕ್ಕೆ ಭಾರೀ ಅನಿಸುತ್ತದೆ. ಆದರೆ ನಮ್ಮ ರಿಫೈನರಿಗಳು ಒಂದು ವರ್ಷಕ್ಕೆ 26 ಕೋಟಿ ಟನ್‌ಗಿಂತ ಜಾಸ್ತಿ ಕಚ್ಚಾತೈಲ ಸಂಸ್ಕರಿಸುತ್ತವೆ. ಹೊರಗಿನಿಂದ ಒಂದು ಹನಿಯೂ ತರದೆ ಇದ್ದರೆ ಇದು ಎರಡೂವರೆ ವರ್ಷದ ಮಾತು. ಅದನ್ನೂ ಬೇಕಾದಾಗ ಬೇಕಾದಷ್ಟು ತೆಗೆಯಲು ಆಗುವುದಿಲ್ಲ. ಬಾವಿಯ ಒರತೆ ಹೇಗೋ ಹಾಗೆ, ಅದು ಬರುವ ವೇಗದಲ್ಲೇ ಬರಬೇಕು.

ಎರಡನೆಯದು ಕಂಪನಿಗಳ ದಾಸ್ತಾನು. ರಿಫೈನರಿಗಳ ಟ್ಯಾಂಕು, ಪೈಪ್‌ಲೈನು, ಡಿಪೋಗಳಲ್ಲಿ ದಿನನಿತ್ಯದ ವ್ಯಾಪಾರಕ್ಕೆ ಓಡಾಡುತ್ತಿರುವ ಕಚ್ಚಾತೈಲ, ಡೀಸೆಲ್, ಪೆಟ್ರೋಲ್ ಎಲ್ಲ ಸೇರಿ ಸರ್ಕಾರದ ಲೆಕ್ಕದಲ್ಲಿ ಸುಮಾರು ಅರವತ್ತನಾಲ್ಕೂವರೆ ದಿನಕ್ಕೆ ಆಗುವಷ್ಟು ಇಡುವ ಜಾಗ ಇದೆ.

ಮೂರನೆಯದು ಆಪತ್ಕಾಲಕ್ಕೆಂದೇ ಸರ್ಕಾರ ಕಟ್ಟಿದ ಉಗ್ರಾಣ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಒಟ್ಟು 53.3 ಲಕ್ಷ ಟನ್. ಅಂದರೆ ದೇಶದ ಆಪತ್ಕಾಲದ ಎಣ್ಣೆಯಲ್ಲಿ ಮುಕ್ಕಾಲು ಪಾಲಿನ ಜಾಗ ನಮ್ಮ ಕರಾವಳಿಯ ಬಂಡೆಯೊಳಗೇ ಇದೆ. ಒಂಬತ್ತೂವರೆ ದಿನ ಅನ್ನುವುದು ಇದರ ಲೆಕ್ಕ. ಇದನ್ನೂ ಕಂಪನಿಗಳ ಅರವತ್ತನಾಲ್ಕೂವರೆ ದಿನವನ್ನೂ ಕೂಡಿಸಿದರೆ 74 ಬರುತ್ತದೆ.

ಒಂಬತ್ತೂವರೆ ಅನ್ನುವುದು 2019-20ರ ಬಳಕೆಯ ಮೇಲೆ ಹಾಕಿದ ಲೆಕ್ಕ. ಬಳಕೆ ಆಮೇಲೆ ಏರಿದೆ. 2024-25ರಲ್ಲಿ ದೇಶ ತರಿಸಿದ ಕಚ್ಚಾತೈಲ ಸುಮಾರು 24 ಕೋಟಿ ಟನ್, ದಿನಕ್ಕೆ ಆರೂವರೆ ಲಕ್ಷ ಟನ್‌ಗಿಂತ ಸ್ವಲ್ಪ ಮೇಲೆ. 53.3 ಲಕ್ಷವನ್ನು ಅದರಿಂದ ಭಾಗಿಸಿ ನೋಡಿ, ಎಂಟು ದಿನವೇ ಬರುವುದು. ಅದೂ ಮೂರು ಕಡೆಯ ಗುಹೆಗಳು ಬಾಯಿಮಟ್ಟ ತುಂಬಿದ್ದರೆ. ಜಾಗ ಎಷ್ಟಿದೆ ಅನ್ನುವುದೇ ಬೇರೆ, ಅದರಲ್ಲಿ ಎಣ್ಣೆ ಎಷ್ಟಿದೆ ಅನ್ನುವುದೇ ಬೇರೆ. ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಜಾಗದ ಲೆಕ್ಕ.

ಬಂಡೆಯೊಳಗೆ ಎಣ್ಣೆ ನಿಲ್ಲುವುದು ಹೇಗೆ

ಪಾದೂರಿನಲ್ಲಿ ಇರುವುದು ಕಬ್ಬಿಣದ ಟ್ಯಾಂಕ್ ಅಲ್ಲ. ನೆಲದಡಿ ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಉದ್ದನೆಯ ಗುಹೆಗಳು. ಒಳಗೋಡೆಗೆ ಉಕ್ಕಿನ ಹೊದಿಕೆ ಕೂಡ ಇಲ್ಲ. ಬಂಡೆ ಎಷ್ಟೇ ಗಟ್ಟಿ ಇದ್ದರೂ ಸಣ್ಣ ಸೀಳು ಇದ್ದೇ ಇರುತ್ತದೆ. ಹಾಗಿದ್ದ ಮೇಲೆ ಎಣ್ಣೆ ಸೋರಿ ಹೋಗುವುದಿಲ್ಲವಾ?

ಕರಾವಳಿಯಲ್ಲಿ ಮನೆಬಾವಿ ಇಣುಕಿ ನೋಡಿದವರಿಗೆ ಉತ್ತರ ಅರ್ಧ ಗೊತ್ತು. ಮಳೆಗಾಲದಲ್ಲಿ ಬಾವಿಯ ಗೋಡೆಯ ಸೀಳಿನಿಂದ ನೀರು ಒಳಗೆ ಒಸರುತ್ತದೆ. ಹೊರಗಿನ ನೀರಿನ ಮಟ್ಟ ಮೇಲಿರುವ ತನಕ ಒಳಗಿನ ನೀರು ಅದೇ ಸೀಳಿನಲ್ಲಿ ಹೊರಗೆ ಹೋಗುವುದಿಲ್ಲ. ಗುಹೆಯಲ್ಲಿಯೂ ಇದೇ ತತ್ವ. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ತುಂಬಾ ಕೆಳಗೆ ಕೊರೆಯುತ್ತಾರೆ. ಮೇಲ್ಭಾಗದ ಬಂಡೆಯಲ್ಲಿ ಸಾಲಾಗಿ ತೂತು ಕೊರೆದು ಅವುಗಳಲ್ಲಿ ಸದಾ ನೀರು ತುಂಬಿ ಇಡುತ್ತಾರೆ. ಸುತ್ತಲಿನ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಜಾಸ್ತಿ. ಹಾಗಾಗಿ ನೀರು ಒಳಗೆ ಒಸರುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ. ಒಳಗೆ ಬಂದ ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅದನ್ನು ಪಂಪು ಮಾಡಿ ತೆಗೆಯುತ್ತಾರೆ.

ಹೀಗೆ ಇಟ್ಟ ಎಣ್ಣೆಗೆ ಬೆಂಕಿಯ ಭಯ ಕಡಿಮೆ, ಬಾಂಬಿನ ಭಯವೂ ಕಡಿಮೆ, ವರ್ಷಗಟ್ಟಲೆ ಇಡಬಹುದು. ಒಂದು ಮಾತನ್ನು ಮಾತ್ರ ಮರೆಯಬಾರದು. ಒಳಗಿರುವುದು ಕಚ್ಚಾತೈಲ. ಅದನ್ನು ಬೋಟಿಗೆ ತುಂಬಲಿಕ್ಕಾಗುವುದಿಲ್ಲ. ಗುಹೆಯಿಂದ ಪೈಪಿನಲ್ಲಿ ಮಂಗಳೂರಿನ ರಿಫೈನರಿಗೆ ಹೋಗಿ, ಅಲ್ಲಿ ಡೀಸೆಲ್ ಆಗಿ, ಟ್ಯಾಂಕರ್ ಹತ್ತಿ, ಹೆದ್ದಾರಿಯಲ್ಲಿ ಬಂದ ಮೇಲೆಯೇ ಅದು ಬೈತಖೋಲ, ತದಡಿ, ಹೊನ್ನಾವರದ ಬಂಕಿಗೆ ಮುಟ್ಟುವುದು.

ನಮ್ಮ ಕಡಲ ಕೆಳಗೆ ಎಣ್ಣೆ ಇಲ್ಲವೇ?

ಈ ಪ್ರಶ್ನೆಯಲ್ಲಿ ಆಸೆಯೂ ಇದೆ, ಭಯವೂ ಇದೆ. ಉತ್ತರ ಕನ್ನಡದ ನೆಲದಡಿ ಎಣ್ಣೆ ಸಿಗುವ ಸಾಧ್ಯತೆ ಇಲ್ಲ. ಎಣ್ಣೆ ಹುಟ್ಟುವುದು ಕೋಟ್ಯಂತರ ವರ್ಷ ಕೆಸರು, ಮರಳು, ಜೀವಿಗಳ ಅವಶೇಷ ಪದರ ಪದರವಾಗಿ ಕೂತ ಕಲ್ಲಿನಲ್ಲಿ. ನಮ್ಮದು ಅದಕ್ಕಿಂತ ಎಷ್ಟೋ ಹಳೆಯ ಗಟ್ಟಿ ಬಂಡೆ, ಅದರ ಮೇಲೆ ಜಂಬಿಟ್ಟಿಗೆ ಕಲ್ಲು. ಎಣ್ಣೆ ಇಡುವುದಕ್ಕೆ ಚೆನ್ನಾದ ಬಂಡೆಯಲ್ಲಿ ಎಣ್ಣೆ ಹುಟ್ಟುವುದಿಲ್ಲ.

ಕಡಲಿನ ಮಾತು ಬೇರೆ. ಕೊಂಕಣದಿಂದ ಕೇರಳದ ತನಕ ಕಡಲಡಿಯಲ್ಲಿ ಪದರಗಲ್ಲಿನ ಪ್ರದೇಶ ಇದೆ. ಸರ್ಕಾರದ ಪಟ್ಟಿಯಲ್ಲಿ ಅದು ಕೇರಳ-ಕೊಂಕಣ ಜಲಾನಯನ. ಅಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಹಲವು ಬಾವಿ ಕೊರೆದು ನೋಡಿದೆ, ವ್ಯಾಪಾರಕ್ಕೆ ಆಗುವಷ್ಟು ಎಣ್ಣೆ ಸಿಕ್ಕಿಲ್ಲ. ದೇಶದ 26 ಜಲಾನಯನಗಳನ್ನು ಮೂರು ದರ್ಜೆ ಮಾಡಿದ್ದಾರೆ, ಇದು ಮೂರನೇ ದರ್ಜೆಯಲ್ಲಿದೆ. ಹಳೆಯ ಲಾವಾದ ಪದರ ನಡುವೆ ಬರುವುದರಿಂದ ಕೆಳಗೆ ಏನಿದೆ ಎಂದು ತಿಳಿಯುವುದೇ ಕಷ್ಟ. ಇದೇ ಪಶ್ಚಿಮ ಕಡಲಲ್ಲಿ, ಇನ್ನೂ ಉತ್ತರಕ್ಕೆ, 1974ರಲ್ಲಿ ಬಾಂಬೆ ಹೈ ತೈಲಕ್ಷೇತ್ರ ಸಿಕ್ಕಿತ್ತು ನೋಡಿ, ಆಸೆ ಹುಟ್ಟುವುದು ಸಹಜ.

ದೇಶದೊಳಗೆ ಹೆಚ್ಚು ಎಣ್ಣೆ ತೆಗೆಯಬೇಕು ಅನ್ನುವವರ ವಾದದಲ್ಲಿ ಹುರುಳಿದೆ. 2011-12ರಲ್ಲಿ ಭಾರತ ಸುಮಾರು 3.8 ಕೋಟಿ ಟನ್ ಕಚ್ಚಾತೈಲ ತೆಗೆದಿತ್ತು. 2024-25ರಲ್ಲಿ ಅದು 2.9 ಕೋಟಿ ಟನ್‌ನ ಆಸುಪಾಸಿಗೆ ಇಳಿದಿದೆ. ಹಳೆಯ ಬಾವಿಗಳು ಬತ್ತುತ್ತಿವೆ, ಹೊಸದು ಅಷ್ಟು ಸಿಕ್ಕಿಲ್ಲ. 2022ರೊಳಗೆ ಆಮದಿನ ಅವಲಂಬನೆಯನ್ನು ಶೇ 10ರಷ್ಟು ತಗ್ಗಿಸುವ ಗುರಿಯನ್ನು ಪ್ರಧಾನಿ ನರೇಂದ್ರ ಮೋದಿ 2015ರಲ್ಲಿ ಹೇಳಿದ್ದರು. ಆಗ ಅವಲಂಬನೆ ಶೇ 77ರಷ್ಟಿತ್ತು. ಈಗ ಶೇ 85ನ್ನು ದಾಟಿದೆ. ಹಾಗಾಗಿಯೇ ಕಡಲಿನ ದೊಡ್ಡ ಪ್ರದೇಶವನ್ನು ಹುಡುಕಾಟಕ್ಕೆ ತೆರೆದರು, 2025ರಲ್ಲಿ ತೈಲಕ್ಷೇತ್ರದ ಕಾಯ್ದೆಗೆ ತಿದ್ದುಪಡಿ ತಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಂಡಮಾನ್ ಹತ್ತಿರದ ಒಂದು ಬಾವಿಯಲ್ಲಿ ಗ್ಯಾಸ್ ಇರುವುದೂ ಕಂಡಿತು.

ಆದರೆ ಕಂಡ ದಿನಕ್ಕೂ ಕೈಗೆ ಬರುವ ದಿನಕ್ಕೂ ಎಷ್ಟು ದೂರ ಇದೆ ಅಂದರೆ, ರಾಜಸ್ಥಾನದ ಬಾಡ್ಮೇರ್‌ನಲ್ಲಿ ಒಣ ನೆಲದಲ್ಲಿ 2004ರಲ್ಲಿ ಸಿಕ್ಕ ಎಣ್ಣೆ ಹೊರಗೆ ಬಂದದ್ದು 2009ರಲ್ಲಿ. ಕೃಷ್ಣಾ-ಗೋದಾವರಿಯ ಆಳಕಡಲಿನಲ್ಲಿ ಒಎನ್‌ಜಿಸಿ ಕೈಗೆ 2005ರಲ್ಲಿ ಬಂದ ಬ್ಲಾಕಿನಿಂದ ಮೊದಲ ಎಣ್ಣೆ ಬಂದದ್ದು 2024ರ ಜನವರಿಯಲ್ಲಿ. ಹತ್ತೊಂಬತ್ತು ವರ್ಷ.

ಮಾಜಾಳಿ ದಾಟಿದರೆ ಬೆಲೆ ಬೇರೆ

ಇಡೀ ಚರ್ಚೆಯಲ್ಲಿ ಜನರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇದು. ಕೊರತೆಯ ಪ್ರಶ್ನೆ ಬೇರೆ, ಬೆಲೆಯ ಪ್ರಶ್ನೆ ಬೇರೆ. ನಮ್ಮದೇ ಎಣ್ಣೆ ಸಿಕ್ಕರೆ ಅಗ್ಗವಾಗುತ್ತದೆ ಅನ್ನುವುದು ಸಹಜ ನಂಬಿಕೆ. ಹಾಗೆ ಆಗುವುದಿಲ್ಲ.

ಬಾಂಬೆ ಹೈನಲ್ಲಿ ತೆಗೆದ ಕಚ್ಚಾತೈಲವನ್ನೂ ರಿಫೈನರಿಗೆ ಮಾರುವುದು ಅಂತಾರಾಷ್ಟ್ರೀಯ ದರವನ್ನು ಹಿಡಿದುಕೊಂಡೇ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧದಿಂದ ದರ ಏರಿದಾಗ ದೇಶದೊಳಗೆ ಎಣ್ಣೆ ತೆಗೆಯುವ ಕಂಪನಿಗಳ ಲಾಭವೂ ಏರಿತು. ಆಗ ಸರ್ಕಾರ ಜುಲೈನಲ್ಲಿ ಅದರ ಮೇಲೆ ಟನ್ನಿಗೆ 23,250 ರೂಪಾಯಿ ವಿಶೇಷ ತೆರಿಗೆ ಹಾಕಿತು. 2024ರ ಡಿಸೆಂಬರ್‌ನಲ್ಲಿ ಆ ತೆರಿಗೆಯನ್ನು ತೆಗೆದರು. ಅಂದರೆ ನಮ್ಮ ನೆಲದ ಎಣ್ಣೆಯಿಂದ ಲಾಭ ಬಂದದ್ದು ನಿಜ. ಅದು ಕಂಪನಿಗೆ ಹೋಯಿತು, ಒಂದು ಪಾಲು ಖಜಾನೆಗೆ ಹೋಯಿತು. ಡಾಲರ್ ಉಳಿಯಿತು, ಅದು ದೇಶಕ್ಕೆ ಒಳ್ಳೆಯದೇ. ಬಂಕಿನ ಬೆಲೆಗೆ ಮಾತ್ರ ಅದರ ನೇರ ಸಂಬಂಧ ಇಲ್ಲ.

ಗುಹೆಯ ಎಣ್ಣೆಯ ಕಥೆಯೂ ಹೀಗೆಯೇ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಲಾಕ್‌ಡೌನ್‌ನಿಂದ ಪ್ರಪಂಚದಲ್ಲಿ ಎಣ್ಣೆಗೆ ಗಿರಾಕಿಯೇ ಇರಲಿಲ್ಲ. ಆ ಹೊತ್ತಿನಲ್ಲಿ ಬ್ಯಾರಲ್‌ಗೆ ಸರಾಸರಿ 19 ಡಾಲರ್‌ಗೆ ಕೊಂಡು ಮೂರೂ ಕಡೆಯ ಗುಹೆಗಳನ್ನು ತುಂಬಿಸಿದರು. ಸುಮಾರು 5,000 ಕೋಟಿ ರೂಪಾಯಿ ಉಳಿಯಿತು ಎಂದು ಸರ್ಕಾರ ಹೇಳಿತು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎಕ್ಸೈಸ್ ಸುಂಕವನ್ನು ಪೆಟ್ರೋಲ್‌ಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಏರಿಸಿತು. ಎಣ್ಣೆ ಅಗ್ಗವಾದದ್ದು ಬೋಟಿನವನ ಕೈಗೆ ಬರಲೇ ಇಲ್ಲ.

ತೆರಿಗೆ ಎಷ್ಟು ಕೆಲಸ ಮಾಡುತ್ತದೆ ಎಂದು ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಮಾಜಾಳಿ ಗಡಿ ದಾಟಿ ಗೋವಾದ ಪೋಳೆಂನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಬರುವುದು ಇಲ್ಲಿಯ ರೂಢಿ. ಅದೇ ದೇಶ, ಅದೇ ಕಡಲು, ಅದೇ ಕಂಪನಿಗಳು. ನಡುವೆ ಇರುವುದು ಎರಡು ರಾಜ್ಯಗಳ ತೆರಿಗೆಯ ವ್ಯತ್ಯಾಸ. ಕರ್ನಾಟಕ 2024ರ ಜೂನ್‌ನಲ್ಲಿ ಎರಡರ ಮೇಲೂ ಮಾರಾಟ ತೆರಿಗೆ ಏರಿಸಿತು. 2025ರ ಏಪ್ರಿಲ್ 1ರಂದು ಡೀಸೆಲ್ ಮೇಲೆ ಮತ್ತೆ ಏರಿಸಿ ಶೇ 21.17ಕ್ಕೆ ಒಯ್ದಿತು, ಲೀಟರಿಗೆ 2 ರೂಪಾಯಿ ಜಾಸ್ತಿ ಆಯಿತು. ಅದಾಗಿ ಒಂದು ವಾರಕ್ಕೆ ಕೇಂದ್ರವೂ ಲೀಟರಿಗೆ 2 ರೂಪಾಯಿ ಎಕ್ಸೈಸ್ ಏರಿಸಿತು. ಆಗ ಕಚ್ಚಾತೈಲ ಇಳಿದಿತ್ತು, ಹಾಗಾಗಿ ಬಂಕಿನಲ್ಲಿ ಬೆಲೆ ಬದಲಾಗಲಿಲ್ಲ. ಇಳಿಯಬೇಕಾದದ್ದು ಇಳಿಯದೆ ಹೋಯಿತು ಅಷ್ಟೆ. ಕೇಂದ್ರ, ರಾಜ್ಯ ಎರಡಕ್ಕೂ ಇದು ಸುಲಭದ ವರಮಾನ. ಯಾವ ಪಕ್ಷ ಇದ್ದರೂ ಇದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ಗುಹೆ ಹೆಚ್ಚಿಸಿದರೆ?

ಹಾಗಂತ ದಾಸ್ತಾನು ದಂಡ ಅಂತಲ್ಲ. ಅದು ಸಮಯ ಕೊಡುತ್ತದೆ. ಒಂದು ಕಡೆಯಿಂದ ಹಡಗು ನಿಂತರೆ ಇನ್ನೊಂದು ಕಡೆಯಿಂದ ತರಿಸಲು ಎರಡು ಮೂರು ವಾರ ಬೇಕು. ಆ ನಡುವೆ ರಿಫೈನರಿ ಓಡುತ್ತಿರಬೇಕು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಪೆಟ್ಟು ತಿಂದ ಅಮೆರಿಕ 1975ರಲ್ಲಿ ಕಾನೂನು ಮಾಡಿ ಉಪ್ಪಿನ ಗುಹೆಗಳಲ್ಲಿ ಎಣ್ಣೆ ತುಂಬಲು ಹೊರಟಿತು. ಅಲ್ಲಿ 70 ಕೋಟಿ ಬ್ಯಾರಲ್‌ಗಿಂತ ಹೆಚ್ಚು ಹಿಡಿಸುತ್ತದೆ. ನಮ್ಮ ಮೂರೂ ಕಡೆ ಸೇರಿ 4 ಕೋಟಿ ಬ್ಯಾರಲ್‌ಗೂ ಸ್ವಲ್ಪ ಕಡಿಮೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ದೇಶಗಳು 90 ದಿನದ ಆಮದಿಗೆ ಸಮನಾದ ದಾಸ್ತಾನು ಇಡಬೇಕು. ಭಾರತ ಅದರ ಸಹಸದಸ್ಯ ಮಾತ್ರ, ಕಡ್ಡಾಯ ಇಲ್ಲ.

2021ರಲ್ಲಿ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು. ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್, ಪಾದೂರಿನಲ್ಲೇ ಮತ್ತೆ 25 ಲಕ್ಷ ಟನ್. ಈ ಸಲ ಖಾಸಗಿಯವರ ಜೊತೆ ಸೇರಿ ಕಟ್ಟುವ ಲೆಕ್ಕ. ಅವರು ವ್ಯಾಪಾರ ಮಾಡಿಕೊಳ್ಳಬಹುದು, ಆಪತ್ತು ಬಂದರೆ ಮೊದಲ ಹಕ್ಕು ಸರ್ಕಾರದ್ದು. ವಿರೋಧಿಸುವವರು ಕೇಳುವುದು ಇದನ್ನೇ: ವ್ಯಾಪಾರಕ್ಕೆ ಖಾಲಿ ಮಾಡಿದ ಗುಹೆ ಆಪತ್ತಿನ ದಿನ ತುಂಬಿರುತ್ತದೆ ಎಂದು ಯಾರು ನೋಡಿಕೊಳ್ಳುತ್ತಾರೆ? ಇದು ಸರಿಯಾದ ಪ್ರಶ್ನೆ. ಕನಿಷ್ಠ ಇಷ್ಟು ಎಣ್ಣೆ ಸದಾ ಇರಲೇಬೇಕು ಎಂಬ ಷರತ್ತು ಇಲ್ಲದಿದ್ದರೆ ಆ ಜಾಗದ ಲೆಕ್ಕ ಕಾಗದದ ಮೇಲೇ ಉಳಿಯುತ್ತದೆ. ಪಾದೂರಿನ ಜನರಿಗೆ ಇನ್ನೊಂದು ಚಿಂತೆ, ಜಾಗ ಕಳೆದುಕೊಳ್ಳುವುದು. ದೇಶದ ಉಗ್ರಾಣಕ್ಕೆ ಜಾಗ ಕೊಡುವವರಿಗೆ ನ್ಯಾಯವಾದ ಬೆಲೆ, ಹೊತ್ತಿಗೆ ಸರಿಯಾಗಿ, ಸಿಗಲೇಬೇಕು.

ಅಡುಗೆ ಗ್ಯಾಸ್‌ನ ಸ್ಥಿತಿ ಕಚ್ಚಾತೈಲಕ್ಕಿಂತ ಸೂಕ್ಷ್ಮ. ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅದರಲ್ಲೂ ಬಹುಪಾಲು ಕೊಲ್ಲಿಯಿಂದಲೇ. ಕಚ್ಚಾತೈಲವನ್ನಾದರೆ ರಷ್ಯಾದಿಂದಲೋ ಆಫ್ರಿಕಾದಿಂದಲೋ ತರಿಸಿಕೊಳ್ಳಬಹುದು. ಗ್ಯಾಸಿಗೆ ಅಷ್ಟು ದಾರಿ ಇಲ್ಲ. ಮಂಗಳೂರಿನಲ್ಲಿ 80,000 ಟನ್ ಎಲ್‌ಪಿಜಿ ಹಿಡಿಸುವ ಗುಹೆ ಆಗಿದೆ. ದೇಶದ ಬಳಕೆಯ ಮುಂದೆ ಅದು ಒಂದೇ ದಿನದ ಲೆಕ್ಕ. ಈ ದೃಷ್ಟಿಯಿಂದ ನೋಡಿದರೆ ಶಿರಸಿ, ಸಿದ್ದಾಪುರದ ಕೊಟ್ಟಿಗೆಗಳ ಹಿಂದಿನ ಗೋಬರ್ ಗ್ಯಾಸ್ ಗುಂಡಿಗಳಿಗೆ ಹೊಸ ಬೆಲೆ ಬರುತ್ತದೆ. ಕಟ್ಟಿದ್ದನ್ನು ಕೆಡದ ಹಾಗೆ ನಡೆಸಿಕೊಂಡು ಬಂದದ್ದಕ್ಕೆ ಶಿರಸಿ ಸೀಮೆ ದೇಶದಲ್ಲೇ ಹೆಸರಾಗಿದೆ. ದನ ಸಾಕುವವರು ಕಡಿಮೆಯಾದ ಹಾಗೆ ಅವೂ ಕಡಿಮೆಯಾಗುತ್ತವೆ. ಇಂಧನ ನೀತಿಯ ಚರ್ಚೆಯಲ್ಲಿ ಈ ಮಾತು ಬರುವುದೇ ಇಲ್ಲ, ಬರಬೇಕಿತ್ತು.

ಕೈಗಾದ ಕರೆಂಟು ಡೀಸೆಲ್ ಉಳಿಸುತ್ತದಾ?

ಎಣ್ಣೆಯ ಮಾತು ಬಂದಾಗ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಾದ ಏಳುತ್ತದೆ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕ ಇವೆ, ತಲಾ 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ಕಾಳಿ ನದಿಗೆ ಕಟ್ಟಿದ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಎತ್ತಿಟ್ಟು ಬೇಕಾದಾಗ ಕರೆಂಟು ಮಾಡುವ) ಯೋಜನೆಯ ಗಲಾಟೆ ನಡೆದಿದೆ. ಇಷ್ಟು ಕರೆಂಟು ಕೊಟ್ಟ ಮೇಲೂ ಎಣ್ಣೆ ಯಾಕೆ ಬೇಕು?

ಭಾರತದಲ್ಲಿ ಕರೆಂಟು ಮಾಡಲು ಎಣ್ಣೆ ಸುಡುವುದು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಮಾಡುವುದು ಹೆಚ್ಚಾಗಿ ಕಲ್ಲಿದ್ದಲಿನಿಂದ. ಎಣ್ಣೆ ಹೋಗುವುದು ಲಾರಿ, ಬಸ್ಸು, ಬೈಕು, ಬೋಟು, ವಿಮಾನಕ್ಕೆ. ಹಾಗಾಗಿ ಹೊಸ ಅಣು ಘಟಕ ಬಂದರೆ ಕಲ್ಲಿದ್ದಲು ಉಳಿಯಬಹುದು, ಡೀಸೆಲ್ ತಾನಾಗಿ ಉಳಿಯುವುದಿಲ್ಲ. ಓಡುವ ಗಾಡಿ ಕರೆಂಟಿಗೆ ಬದಲಾದಾಗ ಮಾತ್ರ ಉಳಿಯುತ್ತದೆ. ಆದ್ದರಿಂದ ‘ಎಣ್ಣೆಯ ಆಮದು ಕಡಿಮೆ ಮಾಡಲು ಈ ಅಣೆಕಟ್ಟು ಬೇಕು, ಈ ಕಾಡು ಹೋಗಲಿ’ ಎಂದು ಯಾರಾದರೂ ಹೇಳಿದರೆ, ಯಾವ ಗಾಡಿಯ ಎಷ್ಟು ಡೀಸೆಲ್ ಅದರಿಂದ ಉಳಿಯುತ್ತದೆ ಎಂದು ಕೇಳುವುದು ನಮ್ಮ ಹಕ್ಕು.

ಉಳಿದ ಉದಾಹರಣೆ ನಮ್ಮ ಕಣ್ಣಮುಂದೇ ಇದೆ. ಕೊಂಕಣ ರೈಲು ಮಾರ್ಗದ 741 ಕಿಲೋಮೀಟರ್ ಪೂರ್ತಿ 2022ರಲ್ಲಿ ವಿದ್ಯುದೀಕರಣವಾಯಿತು. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರದಲ್ಲಿ ಡೀಸೆಲ್ ಹೊಗೆ ಉಗುಳುತ್ತಾ ಹೋಗುತ್ತಿದ್ದ ಗಾಡಿಗಳು ಈಗ ತಂತಿಯ ಕರೆಂಟಿನಲ್ಲಿ ಓಡುತ್ತವೆ. ಅದೇ ಹಳಿಯ ಮೇಲೆ 1999ರಿಂದ ರೋ-ರೋ ಸೇವೆ ಇದೆ. ತುಂಬಿದ ಲಾರಿಗಳು ಸಾಲಾಗಿ ವ್ಯಾಗನ್ ಹತ್ತಿ ನಿಂತಿರುತ್ತವೆ, ಎಂಜಿನ್ ಬಂದ್, ಡ್ರೈವರ್ ಕ್ಯಾಬಿನ್ನಿನಲ್ಲಿ ಕೂತಿರುತ್ತಾನೆ, ಲಾರಿ ರೈಲಿನ ಮೇಲೆ ಸುರತ್ಕಲ್ ಕಡೆಗೆ ಹೋಗುತ್ತದೆ. ಆ ಸಾಲಿನಲ್ಲಿ ಎಷ್ಟು ಲಾರಿ ಇವೆಯೋ ಅಷ್ಟು ಲಾರಿಯ ಡೀಸೆಲ್ ಆ ದಾರಿಯ ಮಟ್ಟಿಗೆ ಬೇಕಾಗುವುದೇ ಇಲ್ಲ. ಗುಹೆ ಕೊರೆಯದೆ, ಕಡಲು ಬಗೆಯದೆ ಸಿಕ್ಕ ಉಳಿತಾಯ ಇದು.

ಎಥೆನಾಲ್ ಬಗ್ಗೆ ಒಂದೇ ಮಾತು. ಹಳಿಯಾಳದ ಕಬ್ಬಿಗೆ ಅದರಿಂದ ಗಿರಾಕಿ ಸಿಗಬಹುದು. ಆದರೆ ಶೇ 20ರ ಲೆಕ್ಕದಲ್ಲಿ ಬೆರೆಸುವುದು ಪೆಟ್ರೋಲ್‌ಗೆ. ಟ್ರಾಲರ್, ಲಾರಿ ಓಡುವುದು ಡೀಸೆಲ್‌ನಲ್ಲಿ.

ಹಾರ್ಮುಜ್ ತೆರೆದಿದ್ದರೂ ಶಿರೂರು ಮುಚ್ಚಿದ್ದರೆ

ಇಂಧನ ಭದ್ರತೆ ಅಂದ ಕೂಡಲೇ ಎಲ್ಲರ ಕಣ್ಣು ಕೊಲ್ಲಿಯ ಕಡೆ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ನಿಂತಿದ್ದ ಗ್ಯಾಸ್ ಟ್ಯಾಂಕರ್ ಒಂದು ಗಂಗಾವಳಿ ನದಿಯಲ್ಲಿ ತೇಲಿ ಹೋಯಿತು. 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಆ ದಿನಗಳಲ್ಲಿ ಹಾರ್ಮುಜ್ ತೆರೆದೇ ಇತ್ತು.

ಮಂಗಳೂರಿನಿಂದ ಉತ್ತರಕ್ಕೆ ಬರುವ ಟ್ಯಾಂಕರ್‌ಗೆ ಇದೇ ಮುಖ್ಯ ದಾರಿ. ಗುಡ್ಡವನ್ನು ನೇರ ಕಡಿದು ಅಗಲ ಮಾಡಿದ ರಸ್ತೆ, ಮಳೆಗಾಲದಲ್ಲಿ ಎಲ್ಲಿ ಜಾರುತ್ತದೋ ಹೇಳಲಾಗದು. ಘಟ್ಟದ ರಸ್ತೆಗಳೂ ಅಷ್ಟೇ. ಹಡಗಿನ ಕಡೆಯ ಅಪಾಯವೂ ನಮಗೆ ಹೊಸದಲ್ಲ. 2006ರ ಮೇ ತಿಂಗಳ ಕೊನೆಗೆ ಕಾರವಾರದ ಹತ್ತಿರ ಓಶನ್ ಸೆರಾಯಾ ಎಂಬ ಹಡಗು ಬಂಡೆಗೆ ಬಡಿದು ಅದರ ಎಣ್ಣೆ ಗೋವಾದ ತನಕ ಹರಡಿತ್ತು. ಈಗಲೂ ಮಳೆಗಾಲದಲ್ಲಿ ದಂಡೆಯ ಮೇಲೆ ಕಪ್ಪು ಟಾರಿನ ಉಂಡೆ ಬಂದು ಬೀಳುತ್ತವೆ. ಹೊಸ ಬಂದರು, ಹೊಸ ಟ್ಯಾಂಕು ಎಂದು ಯೋಜನೆ ಹಾಕುವಾಗ ಈ ದಂಡೆಯ ಮೇಲೆ ಬದುಕುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂದೆ ಏನಾಗಬಹುದು

ಕೊಲ್ಲಿಯಲ್ಲಿ ಸಣ್ಣ ಗದ್ದಲ ಆದರೆ ನಮ್ಮಲ್ಲಿ ಡೀಸೆಲ್ ಸಿಗದೆ ಹೋಗುವುದಿಲ್ಲ. 2025ರ ಜೂನ್‌ನಲ್ಲಿ ಕಚ್ಚಾತೈಲ 80 ಡಾಲರ್ ಮುಟ್ಟಿ ಒಂದೆರಡು ದಿನದಲ್ಲೇ 70ರ ಕೆಳಗೆ ಬಂತು, ಬಂಕಿನಲ್ಲಿ ಬೆಲೆ ಅಲುಗಲಿಲ್ಲ. ದಾರಿ ವಾರಗಟ್ಟಲೆ ಮುಚ್ಚಿದರೆ ಕಥೆ ಬೇರೆ. ಮೊದಲು ಕಂಪನಿಗಳ ದಾಸ್ತಾನು ಇಳಿಯುತ್ತದೆ, ಆಮೇಲೆ ಗುಹೆ ತೆರೆಯುತ್ತದೆ, ಆಮೇಲೆ ಯಾರಿಗೆ ಎಷ್ಟು ಎಂದು ಹಂಚಿಕೆ ಶುರುವಾಗುತ್ತದೆ. ಹಂಚಿಕೆ ಬಂದಾಗ ಆಂಬುಲೆನ್ಸು, ಸೇನೆ, ಬಸ್ಸು, ಆಹಾರದ ಲಾರಿ ಮುಂದೆ ನಿಲ್ಲುತ್ತವೆ. ಮೀನಿನ ಬೋಟು ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಈಗಲೇ ಬರೆದಿಡಬೇಕು. ಮೀನೂ ಆಹಾರವೇ ಅಲ್ವಾ?

ಬೋಟಿನವರಿಗೆ ಇವತ್ತು ಸಿಗುತ್ತಿರುವ ನಿಜವಾದ ಆಸರೆ ಗುಹೆಯದ್ದಲ್ಲ, ಬಜೆಟ್ಟಿನದ್ದು. ರಾಜ್ಯ ಮಾರಾಟ ತೆರಿಗೆ ಬಿಟ್ಟು ಕೊಡುವ ಡೀಸೆಲ್‌ನ ಮಿತಿಯನ್ನು 2023ರಲ್ಲಿ ಒಂದೂವರೆ ಲಕ್ಷ ಕಿಲೋಲೀಟರ್‌ನಿಂದ 2 ಲಕ್ಷಕ್ಕೆ ಏರಿಸಿತು. ಕೇಂದ್ರದ ಎಕ್ಸೈಸ್ ಅದರಲ್ಲಿಯೂ ಕೂಡಿಕೊಂಡೇ ಇರುತ್ತದೆ. ನಾಡದೋಣಿಯವರು ಸೀಮೆಎಣ್ಣೆ ಸಾಲದೆ ಪೆಟ್ರೋಲ್ ಎಂಜಿನ್‌ಗೆ ಬದಲಾಗಬೇಕಾಗಿದೆ, ಆ ಪೆಟ್ರೋಲ್‌ಗೆ ಪೂರ್ತಿ ತೆರಿಗೆ ಕೊಡಬೇಕು.

ಆಗಸ್ಟ್ 1ರ ಬೆಳಿಗ್ಗೆ ಬೈತಖೋಲದಲ್ಲಿ ಬೋಟು ಬಿಡುವ ಮೊದಲು ಐಸು ತುಂಬುತ್ತಾರೆ, ಬಲೆ ಹತ್ತಿಸುತ್ತಾರೆ, ಟ್ಯಾಂಕಿಗೆ ಡೀಸೆಲ್ ಪೈಪು ಹಾಕುತ್ತಾರೆ. ಬೋಟು ನಡೆಸುವ ತಾಂಡೇಲ ಲೆಕ್ಕ ಹಾಕುವುದು ಇಷ್ಟೇ: ಇಷ್ಟು ಲೀಟರ್ ಸುಟ್ಟರೆ ಎಷ್ಟು ಬುಟ್ಟಿ ಬಂಗುಡೆ ಬರಬೇಕು. ಆ ಲೆಕ್ಕ ಬದಲಾಗುವುದು ಬೆಂಗಳೂರು, ದೆಹಲಿಯ ತೆರಿಗೆಯ ಕಾಗದದಲ್ಲಿ. ಅಂಡಮಾನ್‌ನಲ್ಲಿ ನಾಳೆ ಎಣ್ಣೆ ಚಿಮ್ಮಿದರೂ ಆ ಕಾಗದ ಬದಲಾಗುವ ತನಕ ಈ ಬೋಟಿನ ಟ್ಯಾಂಕಿಗೆ ಬೀಳುವುದು ಅದೇ ದರದ ಡೀಸೆಲ್.